‘ಎಷ್ಟಾಗುತ್ತೆ?’ ಅಂತ ಕೇಳೋಕೆ ನಾಚಿಕೆ ಯಾಕೆ?

ಪ್ರವಾಸ ಹೊರಟವರಿಗೆ ಹೇಳುವ ಬುದ್ಧಿಮಾತು ಎಲ್ಲರ ಮನೆಯಲ್ಲೂ ಒಂದೇ. ಅಪರಿಚಿತರು ಕೊಟ್ಟಿದ್ದನ್ನು ತಿನ್ನಬೇಡ, ದುಡ್ಡನ್ನು ಎರಡು ಕಡೆ ಇಟ್ಟುಕೋ, ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಮಲಗು. ಎಲ್ಲವೂ ಕಳ್ಳರ ವಿಚಾರ. ಆದರೆ ಪ್ರವಾಸದಲ್ಲಿ ಮೋಸಹೋದವರ ಕಥೆಗಳನ್ನು ಸ್ವಲ್ಪ ಕೂತು ಕೇಳಿ ನೋಡಿ. ಬಹಳಷ್ಟು ಸಲ ಯಾರೂ ಜೇಬಿಗೆ ಕೈ ಹಾಕಿರುವುದಿಲ್ಲ. ದುಡ್ಡು ಕಳೆದುಕೊಂಡವರೇ ಅದನ್ನು ಎಣಿಸಿ ಕೊಟ್ಟಿರುತ್ತಾರೆ. ‘ಇದು ಜಾಸ್ತಿಯಾಯ್ತು’ ಅಂತ ಕೊಡುವಾಗಲೇ ಒಳಗೆ ಅನ್ನಿಸಿರುತ್ತದೆ. ಆದರೂ ಮಾತು ಬಾಯಿಗೆ ಬಂದಿರುವುದಿಲ್ಲ. ಅಷ್ಟರಲ್ಲಿ ಹಣೆಗೆ ಕುಂಕುಮ ಬಿದ್ದಾಗಿರುತ್ತದೆ, ಲಗೇಜು ಆಟೊ ಹತ್ತಿರುತ್ತದೆ, ಊಟದ ತಟ್ಟೆ ಖಾಲಿಯಾಗಿರುತ್ತದೆ, ಸುತ್ತ ನಾಲ್ಕು ಜನ ನೋಡುತ್ತಿರುತ್ತಾರೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಎಂಬ ಗಾದೆಯನ್ನು ಯಾರೋ ಪ್ರವಾಸಿಗರನ್ನು ನೋಡಿಯೇ ಕಟ್ಟಿರಬೇಕು.

ಪ್ರವಾಸಿಗರನ್ನು ಸುಲಿಯುವವರ ಬಂಡವಾಳ ಈ ದಾಕ್ಷಿಣ್ಯವೇ ಎಂಬುದು ನನ್ನ ವಾದ. ಮೋಸಹೋದವರನ್ನು ‘ದಡ್ಡರು’ ಅಂತ ನಗುವವರಿಗೆ ಇದು ಅರ್ಥವಾಗುವುದಿಲ್ಲ.

ನಾನು ಮಧುಗಿರಿಯವಳು. ಅಜ್ಜಿಯ ಊರು ಪಾವಗಡದ ಕಡೆ. ಅಕ್ಕನನ್ನು ಕೊಟ್ಟಿರುವುದು ಶಿರಾಕ್ಕೆ. ಕಾಲೇಜಿಗೆ ದಿನಾ ಕೊರಟಗೆರೆ ದಾಟಿ ತುಮಕೂರಿಗೆ ಹೋಗಿಬರುತ್ತೇನೆ. ಹಾಗಾಗಿ ಈ ನಾಲ್ಕೂ ಊರಿನ ಬಸ್‌ಸ್ಟ್ಯಾಂಡುಗಳು ನನಗೆ ಮನೆಯ ಹಜಾರ ಇದ್ದ ಹಾಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಅವುಗಳ ಚಹರೆಯೇ ಬದಲಾಗಿದೆ. ಮದುವೆ, ಬಾಣಂತನ, ಆಸ್ಪತ್ರೆ ಬಿಟ್ಟರೆ ಊರು ಬಿಟ್ಟು ಹೋಗದಿದ್ದ ಹೆಂಗಸರು ಈಗ ಆಧಾರ್ ಕಾರ್ಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಧರ್ಮಸ್ಥಳ, ಕುಕ್ಕೆ, ಶೃಂಗೇರಿ ಅಂತ ಹೊರಡುತ್ತಾರೆ. ಬುತ್ತಿ ಗಂಟು, ನೀರಿನ ಬಾಟಲಿ, ಕಿಟಕಿ ಪಕ್ಕದ ಸೀಟಿಗೆ ಸಣ್ಣ ಜಗಳ. ನನಗಂತೂ ಇದನ್ನು ನೋಡುವುದೇ ಒಂದು ಖುಷಿ. ಬಸ್ಸಿನೊಳಗೆ ಟಿಕೆಟಿಗೆ ದುಡ್ಡಿಲ್ಲ. ಇಳಿದ ಮೇಲೆ ಮಾತ್ರ ಹೆಜ್ಜೆಗೊಬ್ಬರು ಕಾಯುತ್ತಿರುತ್ತಾರೆ. ಮೊದಲ ಸಲ ಹೊರಗೆ ಕಾಲಿಟ್ಟ ಹೆಂಗಸು ಮೊದಲ ಸಲವೇ ಮೋಸಹೋಗಿ ಬಂದಳು ಅಂದುಕೊಳ್ಳಿ, ಎರಡನೇ ಸಲ ಮನೆಯಲ್ಲಿ ಕಳಿಸುವುದಿಲ್ಲ. ‘ಹೋಗಿ ದುಡ್ಡು ಕಳಕೊಂಡು ಬಂದ್ಲು’ ಎಂಬ ಒಂದು ಮಾತು ಸಾಕು, ಬಾಗಿಲು ಮತ್ತೆ ಮುಚ್ಚುತ್ತದೆ. ಹೋದ ದುಡ್ಡಿಗಿಂತ ನನಗೆ ಇದರದ್ದೇ ಹೆಚ್ಚು ಸಂಕಟ.

ಅಜ್ಜಿಯ ಊರಿನ ಸ್ತ್ರೀಶಕ್ತಿ ಸಂಘದ ಒಂಬತ್ತು ಹೆಂಗಸರು ಹೊರರಾಜ್ಯದ ಒಂದು ಕ್ಷೇತ್ರಕ್ಕೆ ಹೋಗಿದ್ದರು. ಕಡಲೆಕಾಯಿ ಮಾರಿ ಉಳಿಸಿದ ದುಡ್ಡು. ಹೊಳೆಯ ಮೆಟ್ಟಿಲ ಹತ್ತಿರ ಒಬ್ಬರು ‘ಕರ್ನಾಟಕದವರಾ ಅಮ್ಮಾ?’ ಅಂತ ಹರುಕು ಮುರುಕು ಕನ್ನಡದಲ್ಲಿ ಮಾತಾಡಿಸಿದರಂತೆ. ಅಷ್ಟು ದೂರದಲ್ಲಿ ಕನ್ನಡ ಕೇಳಿದರೆ ಯಾರಿಗೆ ಕರುಳು ಚುರುಕ್ ಅನ್ನುವುದಿಲ್ಲ? ಕೈಗೆ ಹೂವು, ತೆಂಗಿನಕಾಯಿ ಕೊಟ್ಟರು. ಹೆಸರು ಹೇಳಿ ಅಂದರು. ಅಜ್ಜಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಅಂತ ಒಬ್ಬೊಬ್ಬರದೇ ಹೇಳುತ್ತಾ ಹೋದರು, ಒಟ್ಟು ಹನ್ನೊಂದು. ಮಂತ್ರ ಮುಗಿದ ಮೇಲೆ ಲೆಕ್ಕ ಬಂತು. ಹೆಸರಿಗೆ 101 ರೂಪಾಯಿಯಂತೆ 1,111. ಮೊದಲೇ ಹೇಳಲಿಲ್ಲವಲ್ಲ ಅಂದಿದ್ದಕ್ಕೆ ಸಂಕಲ್ಪ ಆಗಿಹೋಗಿದೆ, ಅರ್ಧಕ್ಕೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಎಂಬ ಉತ್ತರ. ಅಜ್ಜಿ ಕೊಟ್ಟರು. ‘ನೀನು ಯಾಕೆ ಮೊದಲೇ ಕೇಳಲಿಲ್ಲ?’ ಅಂತ ಮಾವ ರೇಗಿದಾಗ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ: ‘ದೇವರ ಮುಂದೆ ಯಾರಾದ್ರೂ ಚೌಕಾಸಿ ಮಾಡ್ತಾರೇನೋ?’

ಇದರಲ್ಲೇ ಎಲ್ಲ ಇದೆ. ಮೋಸದ ಜಾಗವನ್ನು ಬಹಳ ಲೆಕ್ಕ ಹಾಕಿ ಆರಿಸಿರುತ್ತಾರೆ. ಸಂತೆಯಲ್ಲಿ ಹುಣಸೆಹಣ್ಣಿನ ಬೆಲೆಯನ್ನು ರೂಪಾಯಿ ರೂಪಾಯಿಗೂ ಜಗ್ಗಾಡುವ ಹೆಂಗಸು ಅವಳು. ಅವಳು ಚೌಕಾಸಿ ಮಾಡಲಾರದ ಜಾಗ ಯಾವುದೋ ಅಲ್ಲೇ ಅವಳನ್ನು ಹಿಡಿಯುತ್ತಾರೆ. ಮೊದಲು ಕೊಡುವುದು, ಆಮೇಲೆ ಬೆಲೆ ಹೇಳುವುದು. ಕೈಗೆ ದಾರ ಕಟ್ಟುವುದು, ಫೋಟೊ ತೆಗೆದು ಪ್ರಿಂಟ್ ಹಾಕಿಸಿ ಕೈಗಿಡುವುದು, ಮಗುವಿನ ತಲೆಗೆ ನವಿಲುಗರಿ ಮುಟ್ಟಿಸುವುದು, ಕರೆಯದೇ ಬಂದು ಕೋಟೆಯ ಕಥೆ ಹೇಳುವುದು, ಎಲ್ಲದರ ಸೂತ್ರವೂ ಅದೇ.

ದೇವರ ಮುಂದೆ ಚೌಕಾಸಿ ಬೇಡ, ಒಪ್ಪೋಣ. ಆದರೆ ರಸೀದಿ ಕೇಳುವುದು ಚೌಕಾಸಿಯಲ್ಲ. ಮುಜರಾಯಿ ಇಲಾಖೆಯ ದೇವಸ್ಥಾನಗಳಲ್ಲಿ ಯಾವ ಸೇವೆಗೆ ಎಷ್ಟು ಎಂಬ ಸೇವಾ ದರಪಟ್ಟಿ ಹಾಕಿರುತ್ತಾರೆ, ಕೌಂಟರಿನಲ್ಲಿ ರಸೀದಿ ಕೊಡುತ್ತಾರೆ. ತಿರುಮಲದಲ್ಲಿ ಮುಡಿ ಕೊಡಲು ಕಲ್ಯಾಣಕಟ್ಟೆಯಲ್ಲಿ ಶುಲ್ಕವೇ ಇಲ್ಲ. 300 ರೂಪಾಯಿಯ ವಿಶೇಷ ಪ್ರವೇಶ ದರ್ಶನದ ಟಿಕೆಟನ್ನು ಟಿಟಿಡಿ ತನ್ನದೇ ಜಾಲತಾಣದಲ್ಲಿ, ಭಕ್ತರ ಹೆಸರು ಮತ್ತು ಗುರುತಿನ ಚೀಟಿಯ ಮೇಲೆ ಕೊಡುತ್ತದೆ. ಅದನ್ನು ಇನ್ನೊಬ್ಬರ ಕೈಯಿಂದ ಕೊಂಡುಕೊಂಡರೆ ಕ್ಯೂನಲ್ಲಿ ವಾಪಸ್ ಬರುವವರು ನಾವೇ, ದಲ್ಲಾಳಿಯಲ್ಲ. ಈ ಎರಡು ವಿಷಯ ಗೊತ್ತಿದ್ದರೆ ತಿರುಪತಿಗೆ ಹೋಗುವ ನಮ್ಮ ಕಡೆಯವರ ಎಷ್ಟೋ ದುಡ್ಡು ಉಳಿಯುತ್ತದೆ.

ಭಯದ ವಿಚಾರ ಮಾತ್ರ ಇಷ್ಟು ಸುಲಭವಲ್ಲ. ಶ್ರಾವಣದ ಶನಿವಾರಗಳಲ್ಲಿ ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ಬರುವ ಬಸ್ಸುಗಳಲ್ಲಿ ನಾನೂ ನಿಂತು ಬಂದಿದ್ದೇನೆ. ಅಲ್ಲಿಗೆ ಬರುವವರೆಲ್ಲ ಊರು ನೋಡಲು ಬಂದವರಲ್ಲ. ಏಳೂವರೆ ವರ್ಷದ ಸಾಡೇಸಾತಿ ಅಂತ ಯಾರೋ ಹೇಳಿರುತ್ತಾರೆ, ಮಗನಿಗೆ ಕೆಲಸ ಹೋಗಿರುತ್ತದೆ, ಬೋರ್‌ವೆಲ್ ಬತ್ತಿರುತ್ತದೆ. ಹೀಗೆ ಹೆದರಿ ಬಂದವರ ಮುಖ ದೂರದಿಂದಲೇ ಗೊತ್ತಾಗುತ್ತದೆ. ನನಗೇ ಗೊತ್ತಾಗುವಾಗ ಅದೇ ಕಸುಬು ಮಾಡಿಕೊಂಡವರಿಗೆ ಗೊತ್ತಾಗುವುದಿಲ್ಲವೇ? ಯಾವ ಕ್ಷೇತ್ರಕ್ಕೇ ಹೋಗಲಿ, ದೇವಸ್ಥಾನದ ಹೊರಗೆ ನಿಂತು ‘ನಿಮ್ಮ ಮುಖದಲ್ಲಿ ದೋಷ ಕಾಣುತ್ತಿದೆ’ ಅಂತ ತಾನಾಗಿಯೇ ಮಾತು ತೆಗೆಯುವವನಿಗೆ ಕಾಣುತ್ತಿರುವುದು ದೋಷವಲ್ಲ. ಒಳಗೆ ಕೌಂಟರ್ ಇದೆ, ಅಲ್ಲಿಗೇ ಹೋಗುತ್ತೇನೆ ಅಂತ ಹೇಳಿ ನಡೆಯುತ್ತಿರಬೇಕು. ನಿಂತರೆ ಕೆಟ್ಟಿರಿ.

ದಾರಿಯಲ್ಲಿ ನಂಟು ಬೆಳೆಸಿ ಕೊಳ್ಳೆ ಹೊಡೆಯುವುದು ನಮ್ಮ ಸೀಮೆಗೆ ಹೊಸದೇನಲ್ಲ. ಠಕ್ಕ ಅನ್ನುತ್ತೇವಲ್ಲ, ಇಂಗ್ಲಿಷಿನ ‘ಥಗ್’ ಕೂಡ ಅದೇ ಬಳಗದ ಪದ. ದಕ್ಷಿಣದಲ್ಲಿ ಅಂಥವರನ್ನು ಫಾಂಸಿಗಾರರು ಅನ್ನುತ್ತಿದ್ದರು. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಬೆಂಗಳೂರಿನ ಹತ್ತಿರ ಇಂಥ ಸುಮಾರು ನೂರು ಜನರನ್ನು ಹಿಡಿದರೆಂದು ಬ್ರಿಟಿಷರ ಬರಹಗಳಲ್ಲಿದೆ. ರಿಚರ್ಡ್ ಶೆರ್ವುಡ್ ಎಂಬ ಮದ್ರಾಸಿನ ವೈದ್ಯ 1816ರಲ್ಲಿ ಅವರ ಬಗ್ಗೆ ಒಂದು ಲೇಖನವನ್ನೇ ಬರೆದ. ಬ್ರಿಟಿಷರು ಇದನ್ನೆಲ್ಲ ಎಷ್ಟು ಉಬ್ಬಿಸಿದರು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ, ಅದು ಬೇರೆ ಮಾತು. ನನಗೆ ಕುತೂಹಲ ಹುಟ್ಟಿಸಿದ್ದು ಅವರ ವಿಧಾನ. ಕತ್ತಿ ಹಿಡಿದು ಅಡ್ಡಗಟ್ಟುವುದಲ್ಲ. ‘ನಾವೂ ಅದೇ ಊರಿಗೆ, ಜೊತೆಗೆ ಹೋಗೋಣ ಬನ್ನಿ’ ಅನ್ನುವುದು. ಒಟ್ಟಿಗೆ ನಡೆದು, ಉಂಡು, ನಂಬಿಕೆ ಬಂದ ಮೇಲೆ ಕುತ್ತಿಗೆಗೆ ಬಟ್ಟೆ. ಈಗ ಜೀವಕ್ಕೆ ಅಪಾಯವಿಲ್ಲ. ಉಳಿದದ್ದೆಲ್ಲ ಹಾಗೇ ಇದೆ.

ಆ ಜೊತೆಗಾರ ಈಗ ಮೊಬೈಲಿನೊಳಗೆ ಬಂದಿದ್ದಾನೆ. ಕೇದಾರನಾಥಕ್ಕೆ ಹೋಗಬೇಕು ಅಂತ ಹುಡುಕಿದರೆ ಸಾಕು, ಹೆಲಿಕಾಪ್ಟರ್ ಬುಕಿಂಗ್ ಜಾಹೀರಾತುಗಳು ಬೆನ್ನು ಬೀಳುತ್ತವೆ. ಚಂದದ ವೆಬ್‌ಸೈಟು, ವಾಟ್ಸ್ಆ್ಯಪಿನಲ್ಲಿ ವಿನಯದಿಂದ ಮಾತಾಡುವ ‘ಏಜೆಂಟ್’, ದುಡ್ಡು ಹಾಕಿದ ತಕ್ಷಣ ಸೀಲು ಸಹಿ ಇರುವ ಟಿಕೆಟ್. ಬೆಟ್ಟದ ಬುಡಕ್ಕೆ ಹೋದ ಮೇಲೆ ಆ ಟಿಕೆಟ್ ಬರೀ ಕಾಗದ ಅಂತ ಗೊತ್ತಾಗುತ್ತದೆ. ಕೇದಾರನಾಥದ ಹೆಲಿಕಾಪ್ಟರ್ ಟಿಕೆಟ್ ಸಿಗುವುದು ಐಆರ್‌ಸಿಟಿಸಿಯ ‘ಹೆಲಿಯಾತ್ರಾ’ ಜಾಲತಾಣದಲ್ಲಿ. ಕೇಂದ್ರ ಗೃಹ ಇಲಾಖೆಯ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಯಾತ್ರಿಕರಿಗೆಂದೇ ಒಂದು ಎಚ್ಚರಿಕೆ ಹೊರಡಿಸಿತ್ತು. ಹೆಲಿಕಾಪ್ಟರ್, ಯಾತ್ರಾಸ್ಥಳದ ಅತಿಥಿಗೃಹ, ಟ್ಯಾಕ್ಸಿ, ಟೂರ್ ಪ್ಯಾಕೇಜ್ ಎಲ್ಲದಕ್ಕೂ ನಕಲಿ ತಾಣಗಳಿವೆ ಅಂತ ಅದರಲ್ಲಿತ್ತು. ನಮ್ಮ ಊರುಗಳಲ್ಲಿ ಅದನ್ನು ಎಷ್ಟು ಜನ ಓದಿದ್ದಾರು?

ರೂಮ್ ಬುಕ್ ಮಾಡುವವರಿಗೆ ಇನ್ನೊಂದು ಮಾತು. ಗೂಗಲ್ ಮ್ಯಾಪಿನಲ್ಲಿ ಕಾಣುವ ಫೋನ್ ನಂಬರನ್ನು ಬದಲಿಸಿ ಅಂತ ಯಾರು ಬೇಕಾದರೂ ಸೂಚಿಸಬಹುದು. ಹಾಗಾಗಿ ಛತ್ರದ ಹೆಸರು ಸರಿ ಇದ್ದ ಮಾತ್ರಕ್ಕೆ ಕೆಳಗಿರುವ ನಂಬರು ಆ ಛತ್ರದ್ದೇ ಎಂದು ಹೇಳಲಾಗದು. ‘ಪೂರ್ತಿ ಅಡ್ವಾನ್ಸ್ ಈಗಲೇ ಹಾಕಿ, ಇನ್ನೊಂದೇ ರೂಮ್ ಉಳಿದಿದೆ’ ಎಂಬ ಅವಸರದ ದನಿ ಕೇಳಿದ ಕೂಡಲೇ ಫೋನ್ ಇಡಬಹುದು. ‘ತಪ್ಪಾಗಿ ಜಾಸ್ತಿ ಹಾಕಿದ್ದೀರಿ, ವಾಪಸ್ ಕೊಡುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಅಂದರಂತೂ ಯೋಚಿಸುವುದೇ ಬೇಡ. ಯುಪಿಐಯಲ್ಲಿ ದುಡ್ಡು ಪಡೆಯಲು ಪಿನ್ ಒತ್ತುವ ಅಗತ್ಯ ಇಲ್ಲವೇ ಇಲ್ಲ. ಪಿನ್ ಒತ್ತಿದರೆ ದುಡ್ಡು ನಮ್ಮಿಂದ ಹೋಗುತ್ತದೆ. ಮನೆಯ ಹಿರಿಯರಿಗೆ ಈ ಒಂದನ್ನು ಬಾಯಿಪಾಠ ಮಾಡಿಸಿ. ದುಡ್ಡು ಹೋಗಿಯೇಬಿಟ್ಟರೆ 1930ಕ್ಕೆ ಕೂಡಲೇ ಕರೆ ಮಾಡಬೇಕು. ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲು ಅದನ್ನು ತಡೆಹಿಡಿಸುವ ಸಾಧ್ಯತೆ ಇರುತ್ತದೆ. ‘ಊರಿಗೆ ಹೋಗಿ ಯಾರನ್ನಾದರೂ ಕೇಳೋಣ’ ಅನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇಲ್ಲೂ ಅಡ್ಡ ಬರುವುದು ನಾಚಿಕೆಯೇ: ನಾಲ್ಕು ಜನಕ್ಕೆ ಗೊತ್ತಾದರೆ ಏನಂದಾರು?

ಕಾಶಿಯ ವಿಷಯದಲ್ಲಿ ನಮ್ಮವರು ಏಜೆಂಟರ ಬಾಯಿಗೆ ಬೀಳುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 2022ರ ನವೆಂಬರ್‌ನಲ್ಲಿ ಶುರುವಾದ ಭಾರತ್ ಗೌರವ್ ಕಾಶಿ ದರ್ಶನ ರೈಲಿನಲ್ಲಿ ಎಂಟು ದಿನದ ಯಾತ್ರೆಗೆ ದರ 20 ಸಾವಿರ ಇತ್ತು, ಅದರಲ್ಲಿ 5 ಸಾವಿರವನ್ನು ರಾಜ್ಯ ಸರ್ಕಾರವೇ ಕೊಡುತ್ತಿತ್ತು. ಸರ್ಕಾರದ ಇಂಥ ಯಾತ್ರೆಗಳ ಮಾಹಿತಿ ಹಳ್ಳಿಗೆ ತಲುಪುವ ಮೊದಲು ‘ಸರ್ಕಾರದ ಸಬ್ಸಿಡಿ ಕೊಡಿಸ್ತೀನಿ’ ಎನ್ನುವ ಮಧ್ಯವರ್ತಿ ತಲುಪಿರುತ್ತಾನೆ.

ಅಂಗಡಿ ಕಮಿಷನ್ನಿನ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಟ್ಯಾಕ್ಸಿಯವರು ‘ಫ್ಯಾಕ್ಟರಿ ರೇಟು’ ಅಂತ ಒಂದು ಅಂಗಡಿಯ ಮುಂದೆ ನಿಲ್ಲಿಸುತ್ತಾರೆ, ಒಳಗೆ ಕಾಫಿ ಕೊಟ್ಟು ಕೂರಿಸುತ್ತಾರೆ. ಕಾಫಿ ಕುಡಿದ ಮೇಲೆ ಬರಿಗೈಲಿ ಏಳಲು ನಮಗೆ ಮನಸ್ಸಾಗುವುದಿಲ್ಲ. ಮೈಸೂರು ರೇಷ್ಮೆ ಸೀರೆ ಬೇಕಿದ್ದರೆ ಕೆಎಸ್‌ಐಸಿ ಸೀರೆಯ ಮೇಲೆ ನೇಯ್ದ ಸಂಖ್ಯೆ, ಹಾಲೊಗ್ರಾಮ್ ಇರುತ್ತದೆ ಎಂದು ತಿಳಿದಿದ್ದರೆ ಸಾಕು, ಕಾಫಿ ಕುಡಿದೂ ಎದ್ದು ಬರಬಹುದು.

ಇಷ್ಟು ಹೊತ್ತು ಹೊರಗಿನವರ ಬಗ್ಗೆ ಬರೆದೆ. ನಮ್ಮೂರಿಗೆ ಬಂದವರ ಜೊತೆ ನಾವು ಹೇಗಿದ್ದೇವೆ?

ಮಧುಗಿರಿ ಬೆಟ್ಟ ಹತ್ತಲು ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಹುಡುಗ ಹುಡುಗಿಯರು ಬರುತ್ತಾರೆ. ಗೊರವನಹಳ್ಳಿ ಮಹಾಲಕ್ಷ್ಮಿಗೆ, ಸಿದ್ಧರಬೆಟ್ಟಕ್ಕೆ ಕಾರುಗಳ ಸಾಲು. ಶಿರಾದಲ್ಲಿ ಮಲಿಕ್ ರಿಹಾನ್ ಗೋರಿ, ಜುಮ್ಮಾ ಮಸೀದಿ ನೋಡುವವರು ಕಡಿಮೆ, ಕಗ್ಗಲಡುವಿನ ಹಕ್ಕಿ ನೋಡಲು ಕ್ಯಾಮೆರಾ ಹಿಡಿದು ಬರುವವರು ಇದ್ದಾರೆ. ನಾಲ್ಕೂ ತಾಲ್ಲೂಕಿನಲ್ಲಿ ಮಳೆ ನಂಬಿ ಬದುಕುವ ಸಂಸಾರಗಳೇ ಹೆಚ್ಚು. ಈ ಭಾನುವಾರದ ಕಾರುಗಳಿಂದ ಒಂದಿಷ್ಟು ಮನೆಗಳ ಒಲೆ ಉರಿಯುತ್ತದೆ. ಆದರೆ ನಮ್ಮಲ್ಲಿ ಆಟೊ ಮೀಟರ್ ಹಾಕಿದ್ದನ್ನು ನಾನು ನೋಡಿಲ್ಲ. ಕನ್ನಡ ಮಾತಾಡಿದರೆ ಒಂದು ರೇಟು, ತಂಪು ಕನ್ನಡಕ ಹಾಕಿದ್ದರೆ ಇನ್ನೊಂದು. ಅಜ್ಜಿಗೆ ಆದದ್ದಕ್ಕೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಜಾಸ್ತಿ ಬೆಲೆಯೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಬಿಸಿಲಲ್ಲಿ ಬೆಟ್ಟದ ಅರ್ಧಕ್ಕೆ ಮಜ್ಜಿಗೆ ಕ್ಯಾನು ಹೊತ್ತು ತಂದವನು ಕೆಳಗಿನ ಬೆಲೆಗೇ ಕೊಡಬೇಕು ಎನ್ನುವ ಪ್ರವಾಸಿಗೆ ಆ ಕ್ಯಾನನ್ನು ಒಮ್ಮೆ ಹೊರಿಸಬೇಕು. ಲೋಟಕ್ಕೆ ಸುರಿಯುವ ಮೊದಲು ಬೆಲೆ ಹೇಳಿದರೆ ಅದು ವ್ಯಾಪಾರ. ಕುಡಿದ ಮೇಲೆ ಹೇಳಿದರೆ ಮೋಸ. ಬಾಟಲಿ ನೀರು ಮಾತ್ರ ಬೇರೆ. ಅಂಗಡಿಯಲ್ಲಿ ಅದರ ಮೇಲೆ ಅಚ್ಚಾದ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ‘ಕೂಲಿಂಗ್ ಚಾರ್ಜ್’ ಎಂಬುದು ಕಾನೂನಿನಲ್ಲಿ ಇಲ್ಲ. ದೂರು ಹೇಳಲು 1915 ಇದೆ. ಕೂತು ತಿನ್ನುವ ಹೋಟೆಲಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಹಾಗಾಗಿ ಅಲ್ಲಿ ಮೆನು ಓದಿಯೇ ಆರ್ಡರ್ ಮಾಡಬೇಕು.

ಪ್ರವಾಸಿಗರೆಲ್ಲ ಪಾಪದವರು ಅಂತಲೂ ಅಲ್ಲ. ದುಡ್ಡು ಹಾಕಿದ ಹಾಗೆ ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಸೌತೆಕಾಯಿ ಮಾರುವ ಮುದುಕಿಯಿಂದ ತಿಂದು ಹೋಗುವವರೂ ಅದೇ ಕಾರುಗಳಲ್ಲಿ ಬರುತ್ತಾರೆ. ‘ರಿಸೀವ್ಡ್’ ಎಂದು ಕೂಗುವ ಆ ಸಣ್ಣ ಪೆಟ್ಟಿಗೆ ಬೀದಿ ಬದಿಗೂ ಬಂದದ್ದು ಸುಮ್ಮನೆ ಅಲ್ಲ. ಇನ್ನು ‘ಇದು ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲಾ ಬೆಟ್ಟ’ ಎಂದು ನಾವೆಲ್ಲ ಎದೆಯುಬ್ಬಿಸಿ ಹೇಳುತ್ತೇವಲ್ಲ, ಮಾಗಡಿಯವರೂ ಸಾವನದುರ್ಗದ ಬಗ್ಗೆ ಇಂಥದ್ದೇ ಹೇಳುತ್ತಾರೆ. ಅದಕ್ಕೆ ಮಾತ್ರ ಯಾರೂ ದುಡ್ಡು ಕೇಳುವುದಿಲ್ಲ, ಇರಲಿ.

ಪ್ರವಾಸಿಗರು ಹುಷಾರಾಗಿರಬೇಕು ಅಂತ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಕೇಂದ್ರ ಪ್ರವಾಸೋದ್ಯಮ ಇಲಾಖೆ 2016ರಲ್ಲಿ 1363 ಎಂಬ ಸಹಾಯವಾಣಿ ಶುರು ಮಾಡಿತು. ಹನ್ನೆರಡು ಭಾಷೆಗಳಲ್ಲಿ ಉತ್ತರ ಕೊಡುವ ವ್ಯವಸ್ಥೆ ಅದು. ಹಿಂದಿ, ಇಂಗ್ಲಿಷ್ ಬಿಟ್ಟರೆ ಉಳಿದ ಹತ್ತೂ ವಿದೇಶಿ ಭಾಷೆಗಳು: ಜಪಾನಿ, ಕೊರಿಯನ್, ರಷ್ಯನ್, ಅರಬಿಕ್ ಹೀಗೆ. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ, ತೆಲುಗೂ ಇರಲಿಲ್ಲ. ಟೋಕಿಯೊದಿಂದ ಬಂದವರು ತಮ್ಮ ಮಾತಲ್ಲಿ ಸಹಾಯ ಕೇಳಬಹುದು, ಪಾವಗಡದಿಂದ ಹೊರಟ ಅಜ್ಜಿಗೆ ಆಗುವುದಿಲ್ಲ. ವಿದೇಶಿಯರಿಗೆ ಕೊಡಬೇಡಿ ಅಂತ ನನ್ನ ಮಾತಲ್ಲ. ಈ ದೇಶದಲ್ಲಿ ಸುತ್ತಾಡುವವರಲ್ಲಿ ಬಹುಪಾಲು ಈ ದೇಶದವರೇ ಅಲ್ಲವೇ?

ದೆಹಲಿಯ ಕೆಲಸ ದೆಹಲಿಯವರು ಮಾಡಲಿ. ನಮ್ಮ ಪುರಸಭೆ, ಪಂಚಾಯಿತಿಗಳು ಮಾಡಬಹುದಾದ್ದು ಒಂದಿದೆ, ಖರ್ಚೂ ಕಡಿಮೆ. ನಾಲ್ಕೂ ಬಸ್‌ಸ್ಟ್ಯಾಂಡಿನಲ್ಲಿ, ಮಧುಗಿರಿ ಬೆಟ್ಟದ ಬುಡದಲ್ಲಿ, ಗೊರವನಹಳ್ಳಿಗೆ ತಿರುಗುವ ಕಡೆ, ಕಗ್ಗಲಡುವಿನ ದಾರಿಯಲ್ಲಿ ಒಂದೊಂದು ಬೋರ್ಡು. ಎಲ್ಲಿಂದ ಎಲ್ಲಿಗೆ ಆಟೊಗೆ ಎಷ್ಟು, ಶೇರ್ ಆದರೆ ತಲೆಗೆ ಎಷ್ಟು, ಗಾಡಿ ನಿಲ್ಲಿಸಲು ಎಷ್ಟು, ಆ ದುಡ್ಡು ವಸೂಲಿ ಮಾಡುವವರು ಯಾರು, ರಸೀದಿ ಹೇಗಿರುತ್ತದೆ, ತೊಂದರೆಯಾದರೆ 112, ಮೊಬೈಲಿನಲ್ಲಿ ದುಡ್ಡು ಹೋದರೆ 1930. ಬೆಲೆಯನ್ನು ಆಟೊದವರನ್ನೇ ಕೂರಿಸಿಕೊಂಡು ನಿಗದಿ ಮಾಡಿದರೆ ಅವರಿಗೂ ದಿನಾ ಜಗಳ ತಪ್ಪುತ್ತದೆ. ಗೋಡೆಯ ಮೇಲೆ ಬರೆದಿರುವ ಬೆಲೆಗೆ ಯಾರೂ ದಾಕ್ಷಿಣ್ಯ ಪಡಬೇಕಿಲ್ಲ, ಬೆರಳು ತೋರಿಸಿದರೆ ಸಾಕು. ಪಾವಗಡದ ಬೋರ್ಡನ್ನು ಮಾತ್ರ ತೆಲುಗಿನಲ್ಲೂ ಬರೆಸಬೇಕು. ಮೂರು ಕಡೆ ಆಂಧ್ರ ಇರುವ ಊರಿಗೆ ಶನಿವಾರದ ಬಸ್ಸಿನಲ್ಲಿ ಆ ಕಡೆಯ ಅಜ್ಜಿಯಂದಿರೂ ಬಂದಿಳಿಯುತ್ತಾರೆ.